ರುದ್ರಣ್ಣನ ಬಾವಿಯ ಮೇಲೆ ನಾನು ಬರೆದ ವರದಿ

ಶೇಕ್ದಾರನಾದವನಿಗೆ ಗಟ್ಟಿ ಕಾಲು, ಸಣ್ಣ ಹೊಟ್ಟೆ, ದಪ್ಪ ಚರ್ಮ ಈ ಮೂರು ಇದ್ದರೆ ಸಾಕು ಎಂದು ನನಗೆ ಚಾರ್ಜು ವಹಿಸಿಕೊಟ್ಟವರು ಹೇಳಿದ್ದರು. ಮೂರೂ ನನಗೆ ಬೇಗನೆ ಬಂದವು. ನಾಲ್ಕನೆಯದೊಂದು ಬೇಕಾಗುತ್ತದೆ. ಅದನ್ನು ಅವರು ಹೇಳಲಿಲ್ಲ. ಅವರಲ್ಲಿ ಅದು ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ತಪ್ಪು ಬರೆದಿದ್ದೇನೆ ಎಂದು ತಿಳಿದ ದಿನವೇ ಮೇಲಿನವರ ಹತ್ತಿರ ಹೋಗಿ, ತಪ್ಪು ಬರೆದಿದ್ದೇನೆ ಎಂದು ಹೇಳುವ ಧೈರ್ಯ ಅದು. ಅದಿಲ್ಲದೆ ನಾನು ಮಾಡಿದ್ದೇನು ಎಂಬುದನ್ನು ಬರೆಯಬೇಕೆಂದೇ ಈ ಕಾಗದ ಮುಂದಿಟ್ಟುಕೊಂಡಿದ್ದೇನೆ.

ಈಚೆಗೆ ರೆವಿನ್ಯೂ ಕೆಲಸಕ್ಕೆ ಸೇರಿದ ಕೆಲವರು ಮನೆಗೆ ಬಂದು, ನಿಮ್ಮ ಅನುಭವ ಬರೆದುಕೊಡಿ ಎಂದರು. ಯಾವಾಗ ಬಡ್ತಿ ಬಂತು, ಎಷ್ಟು ಸಂಬಳ ಏರಿತು ಎಂಬುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ. ಬೇಕಾದವರು ಹೋಗಿ ನೋಡಿಕೊಳ್ಳಲಿ. ಅದರಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ.

ಆಗ ಕಂದಾಯದ ಕೆಲಸಕ್ಕೆ ಹೋಬಳಿಗೊಬ್ಬ ಶೇಕ್ದಾರ. ಕೆಳಗೆ ಊರೂರಿನ ಶಾನುಭೋಗರು, ಪಟೇಲರು. ಮೇಲೆ ತಾಲ್ಲೂಕಿಗೆ ಅಮಲ್ದಾರರು. ನಡುವೆ ಓಡಾಡುವವನು ನಾನು. ಅಜ್ಜಂಪುರದಲ್ಲಿ, ಕಡೂರು ಸೀಮೆಯಲ್ಲಿ, ತರೀಕೆರೆಯಲ್ಲಿ ನನ್ನ ಆಯುಷ್ಯದ ಒಳ್ಳೆಯ ಭಾಗ ಹೋಯಿತು. ರೈಲು ಇದ್ದ ಕಡೆ ರೈಲು, ಇಲ್ಲದ ಕಡೆ ನನ್ನದೊಂದು ಕುಳ್ಳ ಕುದುರೆ. ಆ ಕುದುರೆಗೆ ಹುರುಳಿ ಒಕ್ಕುವ ಕಣ ಕಂಡರೆ ಮುಂದೆ ಹೆಜ್ಜೆಯಿಡುವ ಅಭ್ಯಾಸವಿರಲಿಲ್ಲ. ಸುಗ್ಗಿಯಲ್ಲಿ ಮೂರು ಮೈಲಿ ಹೋಗಲು ಅರ್ಧ ದಿನ ಹಿಡಿಯುತ್ತಿತ್ತು. ರೈತರು ನಗುತ್ತಿದ್ದರು. ಶೇಕ್ದಾರರು ಬಂದರು ಎಂದು ಯಾರಿಗೂ ಭಯವಾಗದಂತೆ ಮಾಡಿದ ಪುಣ್ಯ ಆ ಪ್ರಾಣಿಗೆ ಸೇರಬೇಕು.

ಆ ಕಾಲದಲ್ಲಿ ಮಳೆಯನ್ನೇ ನಂಬಿದ ಖುಷ್ಕಿ ಜಮೀನಿನಲ್ಲಿ ಬಾವಿ ತೋಡುವ ರೈತನಿಗೆ ಸರ್ಕಾರದಿಂದ ಸಹಾಯ ಸಿಗುತ್ತಿತ್ತು. ಬಾವಿ ಸಹಾಯ ಎಂದೇ ನಾವು ಕರೆಯುತ್ತಿದ್ದೆವು. ಬಾವಿ ಪೂರ್ತಿಯಾದರೆ ಅದನ್ನು ಹಿಂದಿರುಗಿಸಬೇಕಾದ್ದಿಲ್ಲ. ನೆಲ ಅಗೆದು ಶುರು ಮಾಡಿದಾಗ ಒಂದು ಕಂತು, ನೀರು ಕಂಡಾಗ ಎರಡನೆಯದು, ಸುತ್ತ ಕಲ್ಲು ಕಟ್ಟಿ, ಎತ್ತಿನಿಂದ ನೀರೆತ್ತುವ ಕಪಿಲೆ ಹೂಡಿದಾಗ ಮೂರನೆಯದು. ಮೋಸ ಕಂಡುಬಂದರೆ ಕೊಟ್ಟದ್ದನ್ನು ವಾಪಸು ಕಟ್ಟಿಸಿಕೊಳ್ಳುತ್ತಿದ್ದರು. ನೀರು ಕಂಡಿದೆ ಎಂದು ಬರೆಯಬೇಕಾದವನು ಶೇಕ್ದಾರ. ತಾಲ್ಲೂಕಿನ ಬಾವಿಗಳನ್ನೆಲ್ಲ ಅಮಲ್ದಾರರು ಬಗ್ಗಿ ನೋಡಲಾದೀತೆ? ನಾನು ಬರೆದ ಒಂದು ಸಾಲಿನ ಮೇಲೆ ಅವರು ರುಜು ಹಾಕುತ್ತಿದ್ದರು.

ಇದರಲ್ಲಿ ಅವಸರದ ಕಂತು ಎರಡನೆಯದು. ಬಾವಿ ತೋಡುವುದು ಬೇಸಿಗೆಯಲ್ಲಿ. ಮುಂಗಾರು ಇಳಿಯುವುದರೊಳಗೆ ಸುತ್ತ ಕಲ್ಲು ಕಟ್ಟಿಬಿಡಬೇಕು. ಚೌಳಹಿರಿಯೂರು ಕಡೆ ಮೇಲೆ ಕೆಂಪು ಮಣ್ಣು, ಕೆಳಗೆ ಬಿಳಿಯ ಸುದ್ದೆಮಣ್ಣು. ಒಣಗಿರುವಾಗ ಗೋಡೆಯಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ನೆನೆದರೆ ಪದರ ಪದರವಾಗಿ ಕಳಚಿ ಬೀಳುತ್ತದೆ. ಕಲ್ಲು ಒಡೆಯುವವರಿಗೆ, ಸಾಗಿಸುವವರಿಗೆ ಕೊಡುವುದಕ್ಕೆ ರೈತ ಎರಡನೆಯ ಕಂತನ್ನೇ ನಂಬಿರುತ್ತಿದ್ದ. ಅದು ತಡವಾದರೆ ಬಾವಿಯೇ ಇಲ್ಲ.

ನನ್ನ ಮೊದಲನೆಯ ಪೆಟ್ಟು ಅಜ್ಜಂಪುರದ ಹೋಬಳಿಯಲ್ಲಿ ಬಿತ್ತು. ಅಲ್ಲಿ ಎರೆಭೂಮಿ. ಒಂದು ಊರಿನ ಪಟೇಲ ತನ್ನ ಹೊಲದಲ್ಲಿ ಬಾವಿ ತೋಡಿಸಿದ್ದ. ನಾನು ಬರುವ ದಿನ ಮೊದಲೇ ಅವನಿಗೆ ಗೊತ್ತಿತ್ತು. ಮರದಡಿ ಚಾಪೆ, ಮಜ್ಜಿಗೆ, ಬಾಳೆಹಣ್ಣು, ಕುದುರೆಗೆ ಬೇಯಿಸಿದ ಹುರುಳಿ ಎಲ್ಲ ಸಿದ್ಧವಾಗಿತ್ತು. ಬಾವಿ ಬಗ್ಗಿ ನೋಡಿದರೆ ನೀರು ಹೊಳೆಯುತ್ತಿದೆ. "ಒಳ್ಳೆ ಊಟೆ, ತಳದಿಂದ ನೀರು ಉಕ್ಕುತ್ತಿದೆ" ಎಂದು ಬರೆದು, ಶಿಫಾರಸನ್ನೂ ಮಾಡಿ ಬಂದೆ. ಹದಿನೈದು ದಿನದ ಮೇಲೆ ತರೀಕೆರೆಯಿಂದ ಅಮಲ್ದಾರರು ಆ ದಾರಿಯಲ್ಲಿ ಬಂದವರು ನೋಡಿದರೆ ಬಾವಿಯ ತಳ ಒಣಗಿ ಬಿರುಕು ಬಿಟ್ಟಿತ್ತು. ತಳಕ್ಕೆ ಜೇಡಿಮಣ್ಣು ಮೆತ್ತಿ, ಬಂಡಿಯ ಮೇಲೆ ಪೀಪಾಯಿಗಳಲ್ಲಿ ನೀರು ತಂದು ತುಂಬಿಸಿದ್ದರು.

ಅಮಲ್ದಾರರು ನನ್ನನ್ನು ಕರೆಸಿ ಕೇಳಿದರು: "ನೀರು ಕಂಡೆ ಅಂತ ಬರೆದಿದೀರಲ್ರೀ, ಅದು ಬಾವಿ ನೀರೋ ಬಂಡಿ ನೀರೋ ನೋಡಿದ್ರಾ?"

ಲಿಖಿತ ಎಚ್ಚರಿಕೆ ಬಂತು. ಕಚೇರಿಯಲ್ಲಿ ನಾನು ಲೋಟ ಎತ್ತಿದರೆ ಸಾಕು, ಗುಮಾಸ್ತೆಗಳು "ಬಾವೀದೋ ಬಂಡೀದೋ?" ಎನ್ನುತ್ತಿದ್ದರು. ನಾನೂ ನಕ್ಕಂತೆ ಮಾಡುತ್ತಿದ್ದೆ. ಒಳಗೆ ಉರಿಯುತ್ತಿತ್ತು. ಇನ್ನು ಈ ಜನ್ಮದಲ್ಲಿ ಯಾವ ರೈತನ ಕೈಯಲ್ಲೂ ಮೋಸ ಹೋಗುವುದಿಲ್ಲ ಎಂದು ಅವತ್ತೇ ಹಟ ತೊಟ್ಟೆ. ಈ ಹಟ ಒಳ್ಳೆಯ ಗುಣವೆಂದು ನಾನು ಬಹಳ ದಿನ ನಂಬಿದ್ದೆ.

ಮರುವರ್ಷ ಕಡೂರು ತಾಲ್ಲೂಕಿಗೆ ವರ್ಗವಾಯಿತು. ಎಚ್ಚರಿಕೆಯ ಕಾಗದವೂ ನನ್ನ ಹಿಂದೆಯೇ ಬಂತು. ಇಲ್ಲಿನ ಅಮಲ್ದಾರರು ಬೇರೆಯವರು. ಮಿತಭಾಷಿ, ಕಟ್ಟುನಿಟ್ಟು, ಕನ್ನಡಕದ ಮೇಲಿನಿಂದ ನೋಡುವ ಸ್ವಭಾವ. ಕಾಗದ ಓದಿ ಪಕ್ಕಕ್ಕಿಟ್ಟು, "ನಮ್ಮಲ್ಲೂ ಬಾವಿಗಳಿವೆ, ಬಂಡಿಗಳೂ ಇವೆ. ಹುಷಾರಾಗಿರಿ" ಎಂದರು. ಅಷ್ಟೇ.

ಚೌಳಹಿರಿಯೂರಿಗೆ ಹತ್ತಿರದ ಒಂದು ಊರಿನಲ್ಲಿ ರುದ್ರಣ್ಣ ಎಂಬ ಒಕ್ಕಲುತನದ ಗೃಹಸ್ಥನಿದ್ದ. ಊರಿನ ಹೆಸರು ಬೇಡ, ಅವರ ಮನೆಯವರು ಈಗಲೂ ಅಲ್ಲಿದ್ದಾರೆ. ಹಣೆತುಂಬ ವಿಭೂತಿ, ಮಾತು ಕಡಿಮೆ, ಮಠಕ್ಕೆ ನಡೆದುಕೊಳ್ಳುವ ಮನೆತನ. ಊಟಕ್ಕೆ ಬಟ್ಟೆಗೆ ಕೊರತೆಯಿಲ್ಲ. ತನ್ನ ಖುಷ್ಕಿಯಲ್ಲಿ ಬಾವಿ ತೆಗೆದು ತೆಂಗು ಇಡಬೇಕೆಂಬುದು ಅವನ ಆಸೆ. ಸಸಿಗಳನ್ನು ಎರಡು ವರ್ಷದಿಂದ ಹಿತ್ತಿಲಲ್ಲಿ ಬೆಳೆಸಿಟ್ಟಿದ್ದ. ಅವನ ಹೆಂಡತಿ ಗೌರಮ್ಮ ಅವುಗಳಿಗೆ ಕೆರೆಯಿಂದ ನೀರು ಹೊತ್ತು ಹಾಕುತ್ತಿದ್ದಳು. ಮೊದಲನೆಯ ಕಂತು ಬಂದು ಆ ಬೇಸಿಗೆಯಲ್ಲಿ ಬಾವಿ ಇಳಿಯಿತು. ನೀರು ಕಂಡಿದೆ, ಬಂದು ನೋಡಬೇಕು ಎಂದು ಶಾನುಭೋಗರ ಮೂಲಕ ಹೇಳಿಕಳಿಸಿದರು. ಗುರುವಾರ ಬರುತ್ತೇನೆ ಎಂದು ತಿಳಿಸಿದೆ.

ಹೋದದ್ದು ಮೂರು ದಿನ ಮೊದಲೇ, ಸೋಮವಾರ. ಬೇಕೆಂದೇ ಹಾಗೆ ಮಾಡಿದೆ. ಹೇಳದೆ ಹೋದರೆ ಕಳ್ಳತನ ಕಣ್ಣಿಗೆ ಬೀಳುತ್ತದೆ ಎಂಬುದು ಅಜ್ಜಂಪುರದಲ್ಲಿ ಕಲಿತ ಬುದ್ಧಿ.

ಬಿದ್ದೇಬಿಟ್ಟಿತು. ಕೆರೆ ಏರಿಯಿಂದ ರುದ್ರಣ್ಣನ ಹೊಲದವರೆಗೆ ಕಾಲುದಾರಿಯ ಮೇಲೆ ನೀರು ಚೆಲ್ಲಿದ ಗುರುತು. ಎದುರಿಗೆ ಐದಾರು ಹೆಂಗಸರು ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ಬರುತ್ತಿದ್ದಾರೆ. ಮುಂದೆ ಇದ್ದವಳು ಗೌರಮ್ಮ. ನಾನು ಕುದುರೆ ನಿಲ್ಲಿಸಿದೆ.

"ಏನಮ್ಮಾ, ಕೊಡದಲ್ಲಿ ಏನು ಕೊಂಡೋಗಿದ್ರಿ?"

"ನೀರು ಸ್ವಾಮಿ."

"ಎಲ್ಲೀದು?"

"ಕೆರೇದು."

"ಏನು ಮಾಡಿದ್ರಿ ಅದನ್ನ?"

"ಬಾವಿಗೆ ಹುಯ್ದು ಬಂದ್ವಿ. ಐದ್ ಜನ, ಐದ್ ಕೊಡ. ನೀವ್ ಇವತ್ತೇ ಬಂದ್ರಲ್ಲ, ಒಳ್ಳೇದಾಯ್ತು. ಬನ್ನಿ ಸ್ವಾಮಿ, ಕೋಸಂಬ್ರಿ ತಗೊಂಡು ಹೋಗೀರಂತೆ."

ಆಕೆಯ ಮುಖದಲ್ಲಿ ಸಂತೋಷವಿತ್ತು. ಅಬ್ಬಾ, ಸಿಕ್ಕಿಬಿದ್ದ ಮೇಲೂ ಎಂಥ ಧಾರ್ಷ್ಟ್ಯ ಎಂದುಕೊಂಡೆ. ಬಾವಿಯ ಹತ್ತಿರ ಹೋದೆ. ಅಂಚಿನಲ್ಲಿ ಅರಿಶಿನ, ಕುಂಕುಮ, ಹೂವು. ಕೆಳಗೆ ಮೊಣಕಾಲುದ್ದ ನೀರು. ಐದು ಕೊಡ ಸುರಿದರೆ ಅಷ್ಟಗಲದ ಬಾವಿಯಲ್ಲಿ ಮೊಣಕಾಲುದ್ದ ನಿಲ್ಲುತ್ತದೆಯೇ ಎಂದು ಮಗ್ಗಿ ಕಲಿತ ಯಾರಾದರೂ ಯೋಚಿಸುತ್ತಿದ್ದರು. ನಾನು, ಐದು ಎಂದಿದ್ದಾಳೆ, ಐವತ್ತು ಹಾಕಿರಬೇಕು ಎಂದುಕೊಂಡೆ. ರುದ್ರಣ್ಣ ಊರಲ್ಲಿರಲಿಲ್ಲ, ಮಠದ ಅಯ್ಯನವರನ್ನು ಕರೆತರಲು ಹೋಗಿದ್ದ. ಅವನಿಗಾಗಿ ಕಾಯಲಿಲ್ಲ. ಕೋಸಂಬರಿಯನ್ನೂ ಮುಟ್ಟದೆ ಕುದುರೆ ತಿರುಗಿಸಿದೆ.

ಅಂದೇ ಕೂತು ವರದಿ ಬರೆದೆ. "ಅರ್ಜಿದಾರನ ಹೆಂಡತಿಯೇ ಕೆರೆಯಿಂದ ನೀರು ತಂದು ಬಾವಿಗೆ ಸುರಿದುದಾಗಿ ಜೊತೆಯ ಹೆಂಗಸರ ಸಮಕ್ಷಮ ಒಪ್ಪಿಕೊಂಡಿರುತ್ತಾಳೆ." ಆ ವಾಕ್ಯ ಇಂದಿಗೂ ನನಗೆ ಬಾಯಿಪಾಠ. ಬರೆದಾಗ ಎಷ್ಟು ಹೆಮ್ಮೆಪಟ್ಟಿದ್ದೆ ಎಂಬುದೂ ನೆನಪಿದೆ.

ಅಮಲ್ದಾರರು ಓದಿ ಲೇಖನಿಯನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

"ಒಪ್ಪಿಕೊಂಡಳೇ? ಅಷ್ಟು ಸುಲಭವಾಗಿ?"

"ಹೌದು ಸ್ವಾಮಿ."

"ಯಾಕೆ ಸುರಿದೆ ಅಂತ ಕೇಳಿದ್ರಾ?"

"ಯಾಕೆ ಅನ್ನೋದು ಗೊತ್ತೇ ಇದೆಯಲ್ಲ ಸ್ವಾಮಿ."

ಅವರು ರುಜು ಹಾಕಿದರು. ಎರಡನೆಯ ಕಂತು ಕೊಡತಕ್ಕದ್ದಲ್ಲ, ಮೊದಲನೆಯದನ್ನು ವಸೂಲು ಮಾಡತಕ್ಕದ್ದು ಎಂದು ಹುಕುಂ ಆಯಿತು.

ನಾಲ್ಕು ದಿನದ ಮೇಲೆ ರುದ್ರಣ್ಣ ಕಡೂರಿಗೆ ನಡೆದುಕೊಂಡೇ ಬಂದ. ಕಚೇರಿಯ ಜಗಲಿಯ ಮೇಲೆ ನನ್ನೆದುರು ಕೈಮುಗಿದು ನಿಂತ.

"ಸ್ವಾಮಿ, ಒಂದೇ ಒಂದ್ ಸಲ ಬಂದು ಬಾವಿ ಬತ್ಸಿ ನೋಡಿ. ನೀರೆಲ್ಲಾ ಎತ್ತಾಕ್ತೀವಿ. ನೀವೇ ಕುಂತಿದ್ದು ನೋಡಿ, ತಿರ್ಗಾ ನೀರು ಬರ್ತದೋ ಇಲ್ವೋ. ಬರ್ನಿಲ್ಲ ಅಂದ್ರೆ ಸರ್ಕಾರ ಏನ್ ಮಾಡಿದ್ರೂ ಸೈ. ಮಳೆ ಹತ್ರಾಯ್ತು. ಕಲ್ಲು ಕಟ್ದೆ ಇದ್ರೆ ನಿಲ್ಲಲ್ಲ ಅದು. ನನ್ ಹೆಂಡ್ತಿ ಸುಳ್ ಹೇಳೋಳಲ್ಲ."

"ಅವಳು ಸುಳ್ಳು ಹೇಳಲಿಲ್ಲವಲ್ಲಪ್ಪ, ಅದಕ್ಕೇ ನೀನು ಸಿಕ್ಕಿಬಿದ್ದದ್ದು" ಎಂದೆ.

ಪಕ್ಕದ ಗುಮಾಸ್ತೆ ನಕ್ಕ. ನನಗೂ ನನ್ನ ಮಾತು ಚೆನ್ನಾಗಿಯೇ ಕೇಳಿಸಿತು. ರುದ್ರಣ್ಣ ಏನೋ ವಿವರಿಸಹೊರಟ. ನಾನು ಕೈಯೆತ್ತಿ ಸಾಕು ಎಂದೆ. ಅವನು ಹೋಗಿ ಅಂಗಳದ ಬೇವಿನ ಮರದ ಕೆಳಗೆ ಕುಳಿತ.

ಕಚೇರಿಯ ಜವಾನ ತಿಮ್ಮಯ್ಯ ಪಂಚನಹಳ್ಳಿಯವನು, ವಯಸ್ಸಾದವನು. ಮಧ್ಯಾಹ್ನ ನನ್ನ ಮೇಜಿಗೆ ಶಾಯಿ ಇಡುವ ನೆಪದಲ್ಲಿ ಬಂದು ನಿಂತ.

"ಸ್ವಾಮಿ, ತಪ್ ತಿಳೀಬ್ಯಾಡಿ. ನಿಮ್ ಕಡೆ ಹೊಸ ಬಾವಿಗೆ ಹಳೆ ಗಂಗೆ ಹುಯ್ಯಲ್ವಾ?"

"ಹಾಗಂದ್ರೆ?"

"ಹೊಸ ನೀರು ಕಂಡ ಮೊದಲ್ನೇ ಸ್ವಾಮಾರ, ಐದ್ ಜನ ಮುತ್ತೈದೇರು ಊರ ಕೆರೆಯಿಂದ ಐದ್ ಕೊಡ ತಂದು ಹುಯ್ತಾರೆ. ಹಳೆ ಗಂಗೆ ಬಂದು ಹೊಸ ಗಂಗೇನ ಕೂಡ್ಕೋಬೇಕು ಅಂತ. ನೀರು ಕಾಣ್ದಿದ್ ಬಾವಿಗೆ ಯಾರೂ ಹುಯ್ಯಲ್ಲ ಸ್ವಾಮಿ, ಅದು ಅಪಶಕುನ. ಹುಯ್ದವ್ರೆ ಅಂದ್ರೆ ನೀರು ಬಂದದೆ ಅಂತ್ಲೇ."

ನಾನು ಹುಟ್ಟಿ ಬೆಳೆದದ್ದು ಕಾವೇರಿಯ ದಡದಲ್ಲಿ. ನಮ್ಮ ಕಡೆ ನೀರಿಗಾಗಿ ನೆಲ ಅಗೆದವರನ್ನು ನಾನು ನೋಡಿರಲಿಲ್ಲ. ನೀರೇ ಕಾಲುವೆಯಲ್ಲಿ ಬಾಗಿಲಿಗೆ ಬರುತ್ತಿತ್ತು. ಈ ಪದ್ಧತಿ ನನಗೆ ಗೊತ್ತಿರಲಿಲ್ಲ ಎಂಬುದು ನಿಜ. ಗೊತ್ತಿಲ್ಲದೆ ಬರೆದದ್ದಕ್ಕೆ ಇವತ್ತು ನಾನು ನನ್ನನ್ನು ಅಷ್ಟಾಗಿ ಹಳಿಯುವುದಿಲ್ಲ. ಮುಂದಿನದನ್ನು ಕೇಳಿ.

"ಆ ಯಪ್ಪ ಇನ್ನೂ ಮರದಡೀಲೇ ಕುಂತವ್ನೆ. ಕರೀಲಾ?" ಎಂದು ತಿಮ್ಮಯ್ಯ ಕೇಳಿದ.

"ಬೇಡ" ಎಂದೆ.

ಕಿಟಕಿಯಿಂದ ನೋಡಿದರೆ ರುದ್ರಣ್ಣನ ಬೆನ್ನು ಕಾಣುತ್ತಿತ್ತು. ಎದ್ದು ಹತ್ತು ಹೆಜ್ಜೆ ಹೋದರೆ ಅಮಲ್ದಾರರ ಕೋಣೆ. ಹೋಗಿ ಏನು ಹೇಳುವುದು? ಅಜ್ಜಂಪುರದಲ್ಲಿ ಇಲ್ಲದ ನೀರನ್ನು ಇದೆ ಎಂದೆ, ಇಲ್ಲಿ ಇರುವ ನೀರನ್ನು ಇಲ್ಲ ಎಂದೆ ಎಂದೇ? ಗುಮಾಸ್ತೆಗಳ ನಗು ಈಗಲೇ ಕಿವಿಗೆ ಬಿದ್ದಂತಾಯಿತು. ವರ್ಷದ ಕಂದಾಯದ ಲೆಕ್ಕ ನೋಡುವ ಜಮಾಬಂದಿ ಹತ್ತಿರ ಬಂದಿತ್ತು; ಅದೊಂದು ಮುಗಿದುಹೋಗಲಿ, ಆಮೇಲೆ ನಾನೇ ಹೋಗಿ ಇನ್ನೊಮ್ಮೆ ನೋಡಿದಂತೆ ಮಾಡಿ, ಸದ್ದಿಲ್ಲದೆ ಸರಿಪಡಿಸಿದರಾಯಿತು ಎಂದು ಮನಸ್ಸಿಗೆ ಹೇಳಿಕೊಂಡೆ. ಸಂಜೆ ಬಾಗಿಲು ಹಾಕುವಾಗ ರುದ್ರಣ್ಣ ಎದ್ದು ಪಂಚೆ ಕೊಡವಿಕೊಂಡು ಹೋದದ್ದನ್ನು ನೋಡಿದೆ.

ಜಮಾಬಂದಿ ಒಂದು ವಾರ ಮುಂದಕ್ಕೆ ಹೋಯಿತು. ಮುಗಿದ ಮೇಲೆ ಲೆಕ್ಕ ಒಪ್ಪಿಸುವುದು ಬಂತು. ಪ್ರತಿದಿನವೂ ನಾಳೆ ಎಂದುಕೊಳ್ಳುತ್ತಿದ್ದೆ. ತಿಮ್ಮಯ್ಯ ಮತ್ತೆ ಕೇಳಲಿಲ್ಲ, ಆದರೆ ಶಾಯಿ ಇಡಲು ಬಂದಾಗ ನನ್ನ ಮುಖ ನೋಡುವುದನ್ನು ಬಿಟ್ಟ. ಆದರೂ ಹತ್ತು ಹೆಜ್ಜೆ ಎದ್ದು ಹೋಗಲಿಲ್ಲ.

ಆ ವರ್ಷ ಮುಂಗಾರು ಸರಿಯಾದ ಹೊತ್ತಿಗೇ ಬಂತು. ಎಲ್ಲರೂ ಒಳ್ಳೆಯ ಮಳೆ ಎಂದು ಸಂತೋಷಪಟ್ಟರು. ಕಚೇರಿಯ ಹೆಂಚಿನ ಮೇಲೆ ಅದು ಬೀಳುವ ಸದ್ದು ಕೇಳಿದರೆ ನನಗೆ ಆ ಬಿಳಿಯ ಸುದ್ದೆಮಣ್ಣು ನೆನಪಾಗುತ್ತಿತ್ತು. ಮೂರನೆಯ ದಿನ ತಿಮ್ಮಯ್ಯ ಬಂದು ನೆಲ ನೋಡುತ್ತಾ ಹೇಳಿದ: "ರುದ್ರಣ್ಣನ ಬಾವಿ ಕುಸ್ದೋಯ್ತಂತೆ ಸ್ವಾಮಿ. ಜನಕ್ಕೇನೂ ಆಗಿಲ್ವಂತೆ."

ಅವತ್ತು ಎದ್ದು ಹೋದೆ. ಅಮಲ್ದಾರರ ಎದುರು ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಕೆರೆಯ ನೀರಿನ ಪದ್ಧತಿ, ತಿಮ್ಮಯ್ಯ ಹೇಳಿದ್ದು, ನಾನು ಬೇಡ ಎಂದದ್ದು, ಯಾವುದನ್ನೂ ಬಿಡಲಿಲ್ಲ. ಅವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ.

"ನಿಮಗೆ ಯಾವತ್ತು ಗೊತ್ತಾಯ್ತು?" ಎಂದರು.

ದಿನ ಹೇಳಿದೆ. ಅವರು ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ಬೆರಳಿಟ್ಟು ಎಣಿಸಿದರು.

"ಇಪ್ಪತ್ತೆರಡು ದಿವಸ. ತಪ್ಪು ಬರೆದದ್ದಕ್ಕೆ ನಿಮಗೆ ನಾನು ಶಿಕ್ಷೆ ಕೊಡೋಕಾಗಲ್ಲ, ಅದರ ಕೆಳಗೆ ನನ್ನ ರುಜು ಇದೆ. ಈ ಇಪ್ಪತ್ತೆರಡು ದಿವಸ ಮಾತ್ರ ಪೂರ್ತಿ ನಿಮ್ಮದು."

ಸಂಬಳದ ಏರಿಕೆ ನಿಂತಿತು, ಅಜ್ಜಂಪುರಕ್ಕೇ ವಾಪಸು ವರ್ಗವಾಯಿತು. ಅದು ನ್ಯಾಯವೇ. ಹೊರಡುವ ಮೊದಲು ಅವರು ಇನ್ನೊಂದು ಕೆಲಸ ಹಚ್ಚಿದರು, ಅದು ಶಿಕ್ಷೆಗಿಂತ ಭಾರವಾಗಿತ್ತು. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ಆಮೇಲಿನ ವರ್ಷಗಳಲ್ಲಿ ನಾನು ಕೆಲಸ ಮಾಡುವ ಕ್ರಮವೇ ಬದಲಾಯಿತು. ನೀರು ಕಂಡಿದೆ ಎಂದು ಯಾರೇ ಹೇಳಿಕಳಿಸಲಿ, ಹೋಗಿ ಬಾವಿ ಬತ್ತಿಸಿ, ಪಕ್ಕದಲ್ಲೇ ಕೊಡೆ ಬಿಚ್ಚಿಕೊಂಡು ಕುಳಿತು, ಊಟೆ ಎಷ್ಟು ಹೊತ್ತಿಗೆ ಎಷ್ಟು ಏರಿತು ಎಂದು ಬರೆದುಕೊಳ್ಳುತ್ತಿದ್ದೆ. ಸಹೋದ್ಯೋಗಿಗಳು, ಈತ ಬಾವಿ ಕಾಯುವ ಭೂತ ಎಂದು ಹಾಸ್ಯ ಮಾಡುತ್ತಿದ್ದರು. ತರೀಕೆರೆಯಲ್ಲಿದ್ದಾಗ ಅದೇ ಕ್ರಮ ತಾಲ್ಲೂಕಿಗೆಲ್ಲ ಜಾರಿಯಾಯಿತು; ಯಾರ ತಲೆಯಿಂದ ಬಂತೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನೊಂದು ಅಭ್ಯಾಸವೂ ಬಂತು. ಅಜ್ಜಂಪುರದ ಹತ್ತಿರ ಒಬ್ಬ ಮುದುಕ ನನ್ನನ್ನು ತನ್ನ ಬಾವಿಯ ಬಳಿ ಬಿಡದೆ ಕೋಲು ಅಡ್ಡ ಹಿಡಿದ. ಹಿಂದಿನ ನಾನಾಗಿದ್ದರೆ, ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ಬರೆದು ಬರುತ್ತಿದ್ದೆ. "ಯಾಕಜ್ಜ?" ಎಂದು ಕೇಳಿದೆ. "ಕಾಲಾಗಿನ ಮೆಟ್ಟು ಬಿಡಪ್ಪ. ಹೊಸ ಗಂಗೆಗೆ ಮೂರು ದಿನ ಚರ್ಮ ತಾಕಬಾರ್ದು" ಎಂದ. ಮೆಟ್ಟು ದೂರ ಬಿಟ್ಟು ಬಂದು ಕುಳಿತೆ. ಅವನೇ ಹಗ್ಗ ಹಿಡಿದು ನನ್ನನ್ನು ಬಾವಿಗೆ ಇಳಿಸಿ ಊಟೆ ತೋರಿಸಿದ. ಯಾಕೆ ಎಂಬ ಒಂದು ಮಾತನ್ನು ಕೇಳುವುದಕ್ಕೆ ಕಾನೂನಿನಲ್ಲಿ ಎಲ್ಲೂ ಅಡ್ಡಿಯಿಲ್ಲ. ಹೊಸಬರು ಇಷ್ಟು ನೆನಪಿಟ್ಟರೂ ಸಾಕು.

ಈಗ ಬಾಕಿ ಉಳಿದದ್ದನ್ನು ಹೇಳುತ್ತೇನೆ. ಅಮಲ್ದಾರರು ಹಳೆಯ ಹುಕುಂ ರದ್ದುಮಾಡಿ, ರುದ್ರಣ್ಣನ ಎರಡನೆಯ ಕಂತು ಮಂಜೂರು ಮಾಡಿ, ಆ ಕಾಗದವನ್ನು ನನ್ನ ಕೈಯಲ್ಲೇ ಕೊಟ್ಟು, "ನೀವೇ ಹೋಗಿ ಕೊಟ್ಟು ಬನ್ನಿ" ಎಂದಿದ್ದರು.

ಹೋದೆ. ಮೊದಲು ಹೊಲಕ್ಕೆ ಹೋಗಿ ನೋಡಿದೆ. ಬಾವಿಯಿದ್ದ ಕಡೆ ದೊಡ್ಡದೊಂದು ತಗ್ಗು, ತುಂಬ ಬಿಳಿ ಕೆಸರು. ಅದರ ಒಂದು ಮೂಲೆಯಲ್ಲಿ ತಿಳಿನೀರು ಉಕ್ಕಿ ಕೆಸರಿನ ಮೇಲೆ ಹರಿಯುತ್ತಿತ್ತು. ಎಷ್ಟು ಹೊತ್ತು ಅಲ್ಲಿ ನಿಂತಿದ್ದೆನೋ ತಿಳಿಯದು. ಅತ್ತುಬಿಟ್ಟೆ ಎಂದು ಹೇಳಲು ಈಗ ನನಗೆ ನಾಚಿಕೆಯಿಲ್ಲ.

ಮನೆಗೆ ಹೋದರೆ ಜಗಲಿಯ ಮೇಲೆ ಗಂಡ ಹೆಂಡತಿ ಇಬ್ಬರೂ ಇದ್ದರು. ಹಿತ್ತಿಲಲ್ಲಿ ಸಸಿಗಳಿದ್ದ ಜಾಗ ಖಾಲಿಯಾಗಿತ್ತು; ನೀರಿದ್ದ ನೆಂಟರ ತೋಟಕ್ಕೆ ಕೊಟ್ಟುಬಿಟ್ಟಿದ್ದರು. ನಾನು ನಿಂತುಕೊಂಡೇ ಹೇಳಿದೆ: "ತಪ್ಪು ನನ್ನದು ರುದ್ರಣ್ಣ. ನೀನು ಕಡೂರಿಗೆ ಬಂದ ದಿನವೇ ನನಗೆ ಗೊತ್ತಾಗಿತ್ತು. ಗೊತ್ತಾದ ಮೇಲೂ ಸುಮ್ಮನಿದ್ದೆ. ಕ್ಷಮಿಸಬೇಕು." ಕಾಗದ ಮುಂದಿಟ್ಟೆ. ಹೊಸದಾಗಿ ತೋಡುವುದಾದರೆ ಮೊದಲಿನಿಂದ ಸಹಾಯ ಕೊಡಿಸುತ್ತೇನೆ, ಅರ್ಜಿ ನಾನೇ ಬರೆಯುತ್ತೇನೆ, ರುಜು ಹಾಕಿದರೆ ಸಾಕು ಎಂದೆ.

ರುದ್ರಣ್ಣ ಕಾಗದವನ್ನು ಬೆರಳ ತುದಿಯಿಂದ ನನ್ನ ಕಡೆಗೇ ಸರಿಸಿದ.

"ಬ್ಯಾಡಿ ಸ್ವಾಮಿ. ಮೊದಲ್ನೇ ಕಂತೂ ಕಟ್ಬಿಟ್ಟಿದೀವಿ. ನಿಮ್ ಮೇಲೆ ಕ್ವಾಪ ಇಲ್ಲ. ಸರ್ಕಾರದ್ ಕಾಗ್ದಕ್ಕೆ ಮಾತ್ರ ಇನ್ನು ನಾನ್ ರುಜು ಹಾಕಲ್ಲ."

ಕಂಬಕ್ಕೆ ಒರಗಿ ನಿಂತಿದ್ದ ಗೌರಮ್ಮ ನೇರವಾಗಿ ನನ್ನನ್ನೇ ನೋಡಿ ಕೇಳಿದಳು:

"ಸ್ವಾಮಿ, ಅವತ್ತು ನೀವ್ ಕೇಳಿದ್ರಿ, ನಾನ್ ಇದ್ದದ್ದನ್ನ ಇದ್ದಂಗೆ ಹೇಳ್ದೆ. ಈಗ ಊರಲ್ಲಿ ಏನಂತಾರೆ ಗೊತ್ತಾ? ಇವ್ಳು ಬಾಯ್ ಮುಚ್ಕೊಂಡಿದ್ರೆ ಬಾವಿ ಉಳೀತಿತ್ತು ಅಂತಾರೆ. ಒಂದಿನ ಇವ್ರೂ ಅಂದ್ಬಿಟ್ರು."

ರುದ್ರಣ್ಣ ತಲೆ ತಗ್ಗಿಸಿದ.

"ಇನ್ಮೇಲೆ ನಿಮ್ಮಂಥೋರು ಬಂದು ಏನಾರ ಕೇಳಿದ್ರೆ ನಾನ್ ಏನ್ ಹೇಳ್ಬೇಕು? ಅದೊಂದ್ ಹೇಳ್ಕೊಟ್ಟು ಹೋಗಿ."

ನನಗೆ ತೋಚಿದ್ದು ಒಂದೇ ಮಾತು. "ನಿಜವನ್ನೇ ಹೇಳಮ್ಮ" ಎಂದೆ.

"ಹೇಳಿದ್ನಲ್ಲ ಸ್ವಾಮಿ" ಎಂದು ಆಕೆ ಒಳಗೆ ಹೋದಳು.